ಶಾಂತಿಕಾಲದ ಶೌರ್ಯ ಯಾರದು?



ಮೊನ್ನೆ ಮೈಲೂರದಾಗ ಚಹಾ ಕುಡಿಯುವಾಗ ಒಬ್ಬ ಹುಡುಗ ಕೇಳಿದ: "ಅಣ್ಣಾ, ಯುದ್ಧ ಇಲ್ದಾಗ ಸೈನಿಕರಿಗಿ ಶೌರ್ಯ ಪದಕ ಹ್ಯಾಂಗ ಕೊಡ್ತಾರ?" ಪ್ರಶ್ನೆ ಚಲೋ ಇತ್ತು. ಉತ್ತರ ಇಲ್ಲಿ ಬರೀತಿದ್ದೀನಿ.

ರಣರಂಗದ ಶೌರ್ಯಕ್ಕೆ ಪರಮವೀರ ಚಕ್ರ. ರಣರಂಗದ ಆಚೆಗಿನ ಶೌರ್ಯಕ್ಕೆ ಅಶೋಕ ಚಕ್ರ, ಅದು 1952ರಲ್ಲಿ ಬಂತು. ನಮ್ಮ ಬೆಂಗಳೂರಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೆ ಇದೇ ಪದಕ ಸಿಕ್ಕಿದ್ದು. 2008ರ ನವೆಂಬರ್, ಮುಂಬೈಯ ತಾಜ್ ಹೋಟೆಲ್. ಅವರ ತಂಡ 14 ಒತ್ತೆಯಾಳುಗಳನ್ನ ಉಳಿಸಿತು. ಜೊತೆಗಾರ ಕಮಾಂಡೊಗೆ ಗುಂಡು ಬಿದ್ದಾಗ ಮೊದಲು ಆತನನ್ನ ಹೊರಗೆ ಸಾಗಿಸಿದರು, ಆಮೇಲೆ ಉಗ್ರರ ಬೆನ್ನು ಹತ್ತಿದರು. 28ರಂದು ಪ್ರಾಣ ಕೊಟ್ಟರು. ವಯಸ್ಸು ಬರೀ 31.

ಇಂಥ ಧೈರ್ಯಕ್ಕೆ ಜಾತಿ ಇರ್ತದೇನು? ಇರ್ತದ ಅಂದಿದ್ದರು ಬ್ರಿಟಿಷರು. 'ಯೋಧ ಜನಾಂಗ' ಅನ್ನೋ ಲೆಕ್ಕ ಹಾಕಿ 1890ರ ದಶಕದಲ್ಲಿ ಮಹಾರರ ಸೇನಾ ಭರ್ತಿ ನಿಲ್ಲಿಸಿದರು. ಬಾಬಾಸಾಹೇಬರ ತಂದೆ ರಾಮಜಿ ಸುಬೇದಾರರಾಗಿದ್ದ ಅದೇ ಸೇನೆ! 1917ರಲ್ಲಿ, ಮಹಾಯುದ್ಧದ ಗರಜಿಗೆ, ಮಹಾರರ ಒಂದು ಪಡೆ ಕಟ್ಟಿದರು. ಗರಜು ತೀರಿದ ಮೇಲೆ 1921ರಲ್ಲಿ ಬರಖಾಸ್ತು. ಬಾಬಾಸಾಹೇಬರು ಬಿಡಲಿಲ್ಲ. 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಎಲ್ಲಿ? ನಮ್ಮದೇ ಬೆಳಗಾವಿಯಲ್ಲಿ.

ಸೇನೆಯ ಬಾಗಿಲು ತೆರೀತು. ಆದ್ರ ಇನ್ನೊಂದು ಗುಂಡಿ ಮುಚ್ಚಲಿಲ್ಲ.

ಮ್ಯಾನ್‌ಹೋಲ್ ಸಾವಿನ ಸುದ್ದಿ ಗಮನ ಇಟ್ಟು ಓದ್ರಿ. ಒಬ್ಬ ಇಳೀತಾನ, ವಿಷಗಾಳಿಗೆ ಕುಸೀತಾನ. ಅವನನ್ನ ಎತ್ತಲಿಕ್ಕೆ ಇನ್ನೊಬ್ಬ ಇಳೀತಾನ, ಅವನೂ ಹೋಗ್ತಾನ. ಎರಡನೆಯವ ಮಾಡಿದ್ದೇನು? ಜೊತೆಗಾರನನ್ನ ಉಳಿಸಲಿಕ್ಕೆ ಜೀವ ಒತ್ತೆ ಇಟ್ಟ. ಸಂದೀಪ್ ಅವರು ಮಾಡಿದ್ದೂ ಅದೇ ಅಲ್ಲೇನ್ರಿ? ಹಿಂಗಂದರ ಆ ಯೋಧನ ಗೌರವ ಕಡಿಮೆ ಆಗಲ್ಲ, ನಮ್ಮವನ ಲೆಕ್ಕ ಸರಿ ಆಗ್ತದ.

2013ರ ಕಾಯ್ದೆ ಮಲ ಹೊರೋದನ್ನ ನಿಷೇಧಿಸಿದೆ. ಕೆಜಿಎಫ್‌ನ ಬೆಜವಾಡ ವಿಲ್ಸನ್ ಜೀವನವನ್ನೇ ಈ ಹೋರಾಟಕ್ಕೆ ಕೊಟ್ಟಿದ್ದಾರೆ. ಚರಂಡಿ ಸಾವಿಗೆ 30 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಪರಿಹಾರ ನಮ್ಮ ಹಕ್ಕು. ಆದ್ರ ಕಾಗದದಲ್ಲಿ ಎರಡನೆಯವನೂ ಬರೀ 'ಮೃತ ಕಾರ್ಮಿಕ'.

ಅಶೋಕ ಚಕ್ರ ನಾಗರಿಕರಿಗೂ ಇದೆ, ನೀರಜಾ ಭಾನೋಟ್ ಅವರಿಗೆ ಸಿಕ್ಕಿದೆ. ಜೀವ ಉಳಿಸಿದವರಿಗೆಂದೇ 1961ರಿಂದ ಜೀವನ ರಕ್ಷಾ ಪದಕ ಇದೆ, ಮರಣೋತ್ತರವಾಗಿಯೂ ಕೊಡ್ತಾರೆ. ಇಂಥ ಘಟನೆ ಎಲ್ಲೇ ಆಗಲಿ, ಪರಿಹಾರದ ಅರ್ಜಿ ಜೊತೆ ಪದಕದ ಶಿಫಾರಸಿಗೂ ಅರ್ಜಿ ಹಾಕ್ರಿ. ನಾನು ಗುಮಾಸ್ತ, ಅರ್ಜಿ ಬರೆಯೋದೇ ನನ್ನ ಕೆಲಸ. ಕರೀರಿ, ಬರೆದು ಕೊಡ್ತೀನಿ.

ಮೊದಲು ಬೇಕಾದದ್ದು ಯಾರೂ ಗುಂಡಿಗೆ ಇಳಿಯದ ದಿನ. ಅಲ್ಲಿತನಕ, ಇಳಿದು ಸತ್ತವನ ಶೌರ್ಯಕ್ಕೆ ಹೆಸರು ಇರಲಿ.

ಜೈ ಭೀಮ್. ಜೈ ಸಂವಿಧಾನ.