ಭಟ್ಟರ ಮನೆಯ ಮೇಲಿನ ದಾರಿ

ಕೊಡಗಿನವರಿಗೆ ಅದು ಪುಷ್ಪಗಿರಿ, ಕುಕ್ಕೆ ಸುಬ್ರಹ್ಮಣ್ಯದ ಕಡೆಯವರಿಗೆ ಕುಮಾರ ಪರ್ವತ. 1,712 ಮೀಟರ್ ಎತ್ತರದ ಒಂದೇ ಶಿಖರಕ್ಕೆ ಎರಡು ಹೆಸರು, ಎರಡು ದಾರಿ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತುವ ದಾರಿ ಗಿಡ್ಡ. ಕುಕ್ಕೆಯಿಂದ ಹೊರಡುವುದು ಉದ್ದ, ಮಂಡಿಯ ಬಲ ಪರೀಕ್ಷಿಸುವಂಥದ್ದು.

ಈ ದಾರಿಗಳನ್ನು ನಕ್ಷೆ ಬರೆದು ಯಾರೂ ಕಡಿಯಲಿಲ್ಲ; ನಂಬಿಕೆಯ ಹಿಂದೆ ನಡೆದ ಕಾಲುಗಳೇ ಮಾಡಿದವು. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ತನ್ನ ಆಯುಧ ತೊಳೆದ ಹೊಳೆಯೇ ಕುಮಾರಧಾರಾ ಎನ್ನುತ್ತದೆ ಸ್ಥಳಪುರಾಣ. ಇದೇ ಬೆಟ್ಟಸಾಲಿನಲ್ಲಿ ಹುಟ್ಟುವ ಆ ಹೊಳೆ ಮಲ್ಲಳ್ಳಿಯಲ್ಲಿ ಜಲಪಾತವಾಗಿ ಬಿದ್ದು, ಕುಕ್ಕೆಯಲ್ಲಿ ಭಕ್ತರಿಗೆ ಸ್ನಾನಘಟ್ಟವಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಹೊಳೆಯಲ್ಲಿ ಮಿಂದವರಿಗೆ ಅದರ ಮೂಲದ ಬೆಟ್ಟವನ್ನೂ ಕಾಣುವ ಆಸೆ ಹುಟ್ಟುವುದು ಸಹಜ. ಶಿಖರದಲ್ಲಿ ಪುಟ್ಟದೊಂದು ಶಿವನ ಗುಡಿಯಿದೆ. ಕಾಡಿನೊಳಗಿನ ಏರು, ಆಮೇಲೆ ನೆರಳಿಲ್ಲದ ಹುಲ್ಲುಗಾವಲು, ಕಲ್ಲು ಮಂಟಪ, ಶೇಷ ಪರ್ವತ, ಮತ್ತೆ ಶೋಲಾ ಕಾಡು: ಕುಕ್ಕೆ ದಾರಿಯ ಗುರುತುಗಳು ಇವೇ.

ನಡುವೆ ಗಿರಿಗದ್ದೆ. ಅಲ್ಲಿ ಭಟ್ಟರ ಮನೆ.

ಕುಮಾರ ಪರ್ವತ ಹತ್ತಿದ ಹಳಬರನ್ನು ಕೇಳಿದರೆ ಶಿಖರಕ್ಕಿಂತ ಮೊದಲು ನೆನಪಿಗೆ ಬರುವುದು ಈ ಮನೆಯೇ. ಕಾಡಿನ ನಡುವೆ ಬೇಸಾಯ ಮಾಡಿಕೊಂಡಿದ್ದ ಕುಟುಂಬ, ಬೆವರಿಳಿಸಿ ಬಂದವರಿಗೆ ದಶಕಗಳ ಕಾಲ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿದೆ. ಚಾರಣದ ವ್ಯವಸ್ಥೆ ಎಂಬ ಮಾತು ಚಾಲ್ತಿಗೆ ಬರುವ ಮೊದಲೇ ಇಲ್ಲೊಂದು ವ್ಯವಸ್ಥೆಯಿತ್ತು. ಬೆಟ್ಟಕ್ಕೆ ಎಷ್ಟು ಜನ ಎಂಬುದನ್ನು ಒಂದು ಅಡುಗೆಮನೆ, ಒಂದು ಜಗಲಿ ಮತ್ತು ಮಳೆಗಾಲದ ಇಂಬಳಗಳು ಸೇರಿ ನಿರ್ಧರಿಸುತ್ತಿದ್ದವು. ಈ ಬೆಟ್ಟ ಅಷ್ಟು ಕಾಲ ಹಸಿರಾಗಿ ಉಳಿದದ್ದಕ್ಕೆ ಆ ಮಿತಿಯೂ ಒಂದು ಕಾರಣ.

1987ರಲ್ಲಿ ಸುಮಾರು 102 ಚದರ ಕಿಲೋಮೀಟರ್ ಕಾಡು ಪುಷ್ಪಗಿರಿ ವನ್ಯಜೀವಿಧಾಮವಾಯಿತು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಇದೂ ಒಂದು. ಗಿರಿಗದ್ದೆಯ ಬಳಿ ಅರಣ್ಯ ಇಲಾಖೆಯ ತಪಾಸಣೆ ಬಂತು, ಶುಲ್ಕ ಬಂತು. ಆದರೆ ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು ಬೆಳಗಾಗುವುದರೊಳಗೆ ಕುಕ್ಕೆ ಮುಟ್ಟಿಸುತ್ತದೆ. ಮೊಬೈಲಿನಲ್ಲಿ ಹರಿದಾಡಿದ ಚಿತ್ರಗಳು ಉಳಿದ ಕೆಲಸ ಮಾಡಿದವು, ಬರುವವರು ಹೆಚ್ಚಿದರು.

ಹುಲ್ಲುಗಾವಲಿಗೆ ಆಗುವ ಪೆಟ್ಟು ಕಣ್ಣಿಗೆ ಬೇಗ ಬೀಳುವುದಿಲ್ಲ. ಹಳೆಯ ಕಾಲುದಾರಿ ಏಣಿನ ಮೇಲೆ ಬಹುಮಟ್ಟಿಗೆ ನೇರವಾಗಿ ಏರುತ್ತದೆ. ಜನ ತುಳಿದಲ್ಲಿ ಹುಲ್ಲು ಸಾಯುತ್ತದೆ. ಬೇರಿನ ಹಿಡಿತ ತಪ್ಪಿದ ಮಣ್ಣನ್ನು ಮುಂದಿನ ಮಳೆ ಕೊಚ್ಚುತ್ತದೆ, ದಾರಿ ಕೊರಕಲಾಗುತ್ತದೆ. ಕೊರಕಲಲ್ಲಿ ಕಾಲಿಡಲಾರದವರು ಪಕ್ಕದ ಹುಲ್ಲಿಗೆ ಹತ್ತುತ್ತಾರೆ. ಹೀಗೆ ಒಂದು ದಾರಿ ಎರಡಾಗಿ, ಎರಡು ನಾಲ್ಕಾಗುತ್ತದೆ. ಇಳಿಜಾರಿಗೆ ಅಡ್ಡವಾಗಿ ಬಳಸಿ ಹೋಗುವ ದಾರಿ, ನೀರನ್ನು ಪಕ್ಕಕ್ಕೆ ತಿರುಗಿಸುವ ಅಡ್ಡಗಲ್ಲು, ಇಷ್ಟಿದ್ದರೂ ಸವಕಳಿ ಬಹಳ ತಗ್ಗುತ್ತದೆ. ಅದಕ್ಕೆ ಬೇಕಾದದ್ದು ವರ್ಷವರ್ಷವೂ ಬಗ್ಗಿ ದುಡಿಯುವ ಕೈಗಳು.

ಬೆಟ್ಟದ ಮೇಲಿನ ಈ ಒತ್ತಡ 2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಸಾವಿರಾರು ಜನ ಒಟ್ಟಿಗೇ ಬಂದು ನೆರೆದರು. ಜಾತ್ರೆಯ ಸಾಲಿನಂತೆ ಬೆಟ್ಟದ ಬುಡದಲ್ಲಿ ಅವರು ನಿಂತ ದೃಶ್ಯವನ್ನು ನಾಡೆಲ್ಲ ನೋಡಿತು. ಅದರ ಬೆನ್ನಲ್ಲೇ, ಆನ್‌ಲೈನ್ ಟಿಕೆಟ್ ವ್ಯವಸ್ಥೆಯಿಲ್ಲದ ಕಡೆ ಚಾರಣವನ್ನು ಸರ್ಕಾರ ತಡೆಹಿಡಿಯಿತು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಟಿಕೆಟ್ ಕಾಯ್ದಿರಿಸುವ ‘ಅರಣ್ಯ ವಿಹಾರ’ ಜಾಲತಾಣ ಬಂತು, ಚಾರಣ ಪಥವೊಂದಕ್ಕೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು. ಹಿಂದೆ ಭಟ್ಟರ ಜಗಲಿ ಹೇಳುತ್ತಿದ್ದ ಲೆಕ್ಕವನ್ನು ಈಗ ಕಂಪ್ಯೂಟರ್ ಹೇಳತೊಡಗಿತು.

ತಲೆಗಳ ಲೆಕ್ಕ ಸಿಕ್ಕಿದೆ, ಅದು ಸಣ್ಣ ಮಾತಲ್ಲ. ಮಣ್ಣಿನ ಲೆಕ್ಕ ಇನ್ನೂ ಬಾಕಿ ಇದೆ. ಮಳೆಗಾಲದಲ್ಲಿ ದಾರಿ ಮುಚ್ಚಿದಾಗ ಏಣಿನ ಹುಲ್ಲು ಮತ್ತೆ ಚಿಗುರುತ್ತದೆ, ತುಳಿದ ಗೆರೆಯ ಅಂಚಿನಿಂದ ಒಳಕ್ಕೆ, ನಿಧಾನವಾಗಿ. ಕಲ್ಲು ಮಂಟಪದ ಮೇಲಿನ ಕೊರಕಲುಗಳಿಗೆ ಅಡ್ಡಗಲ್ಲು ಇಡಲು ಒಳ್ಳೆಯ ಹೊತ್ತು ಆ ಮಳೆ ಶುರುವಾಗುವ ಮುನ್ನವೇ.