ಹೊವಾರ್ಡ್ ಮನೆತನದ ಹಕ್ಕುದಾರ

2023ರ ಮೇ 6ರಂದು ಲಂಡನ್ನಿನಲ್ಲಿ ಮೂರನೆಯ ಚಾರ್ಲ್ಸ್ ದೊರೆಗೆ ಪಟ್ಟಾಭಿಷೇಕವಾಯಿತು. ಆಂಗ್ಲಿಕನ್ ಸಭೆಯ ಆ ಮಹಾವಿಧಿಯ ಏರ್ಪಾಡಿನ ಹೊಣೆ ಹೊತ್ತಿದ್ದವರು ಒಬ್ಬ ಕಥೋಲಿಕರು: ನಾರ್ಫೋಕಿನ 18ನೆಯ ಡ್ಯೂಕ್ ಎಡ್ವರ್ಡ್. ಅರ್ಲ್ ಮಾರ್ಷಲ್ ಎಂಬ ಆ ಅಧಿಕಾರ 1672ರಿಂದ ಅವರ ಹೊವಾರ್ಡ್ ಮನೆತನಕ್ಕೆ ವಂಶಪಾರಂಪರ್ಯವಾಗಿ ಸಲ್ಲುತ್ತಿದೆ.

ಡ್ಯೂಕ್ ಪದವಿ ಇನ್ನೂ ಹಳೆಯದು. 1483ರಲ್ಲಿ ಮೂರನೆಯ ರಿಚರ್ಡ್ ದೊರೆ ಅದನ್ನು ಜಾನ್ ಹೊವಾರ್ಡನಿಗೆ ಕೊಟ್ಟನು. ಎರಡೇ ವರ್ಷದಲ್ಲಿ ದೊರೆ, ಡ್ಯೂಕ್ ಇಬ್ಬರೂ ಬಾಸ್‌ವರ್ತ್ ಕಾಳಗದಲ್ಲಿ ಮಡಿದರು. ಮಗ ಪದವಿಯನ್ನು ಮರಳಿ ಗಳಿಸಲು 1514 ಬರಬೇಕಾಯಿತು. ಮೂರನೆಯ ಡ್ಯೂಕನ ಮಗನ ತಲೆಯನ್ನು 1547ರ ಜನವರಿಯಲ್ಲಿ ಎಂಟನೆಯ ಹೆನ್ರಿ ತೆಗೆಸಿದನು. ಕೆಲವೇ ದಿನಗಳಲ್ಲಿ ಹೆನ್ರಿಯೇ ಸತ್ತದ್ದರಿಂದ ಸೆರೆಯಲ್ಲಿದ್ದ ಮುದಿ ತಂದೆ ಉಳಿದುಕೊಂಡನು. ನಾಲ್ಕನೆಯ ಡ್ಯೂಕನಿಗೆ ಆ ಅದೃಷ್ಟವಿರಲಿಲ್ಲ. ರಾಜದ್ರೋಹದ ಆಪಾದನೆಯ ಮೇಲೆ 1572ರಲ್ಲಿ ಅವನ ಶಿರಚ್ಛೇದವಾಯಿತು, ಪದವಿಯೂ ಹೋಯಿತು.

ಆತನ ಹಿರಿಯ ಮಗನೇ ಸಂತ ಫಿಲಿಪ್ ಹೊವಾರ್ಡ್. ತಂದೆಯ ಪದವಿ ಸಿಗದಿದ್ದರೂ 1580ರಲ್ಲಿ ಅರಂಡೆಲಿನ ಅರ್ಲ್ ಪದವಿ ದಕ್ಕಿತು. ಅದು ಬಂದದ್ದು ತಾಯಿ ಮೇರಿ ಫಿಟ್ಜಾಲನ್ ಕಡೆಯಿಂದ. ಹೆರಿಗೆಯಾದ ಕೆಲವೇ ವಾರಗಳಲ್ಲಿ ತೀರಿಕೊಂಡ ಆ ಎಳೆಯ ತಾಯಿಯನ್ನು ವಂಶಾವಳಿ ಬರೆಯುವವರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ!

ಯೌವನದಲ್ಲಿ ಫಿಲಿಪ್ ಅರಮನೆಯ ಮೋಜಿಗೆ ಮನಸೋತು ಹೆಂಡತಿ ಆ್ಯನ್‌ಳನ್ನು ಕಡೆಗಣಿಸಿದ್ದನು. 1581ರಲ್ಲಿ ಲಂಡನ್ ಗೋಪುರದ ಸೆರೆಯಲ್ಲಿದ್ದ ಯೇಸುಸಭೆಯ ಗುರು ಎಡ್ಮಂಡ್ ಕ್ಯಾಂಪಿಯನ್ನರು ವಿರೋಧಿಗಳೊಡನೆ ನಡೆಸಿದ ವಾದವನ್ನು ಕೇಳಿದ ಮೇಲೆ ಆತನ ಮನಸ್ಸು ಅಲುಗಾಡಿತು. 1584ರಲ್ಲಿ ಕಥೋಲಿಕ ಸಭೆಯನ್ನು ಸೇರಿದರು. ಮರುವರ್ಷ ಹಡಗಿನಲ್ಲಿ ದೇಶ ಬಿಡುವಾಗ ಸಿಕ್ಕಿಬಿದ್ದು ಗೋಪುರದ ಸೆರೆಗೆ ಬಂದರು. ಮಗ ಥಾಮಸ್ ಹುಟ್ಟಿದ್ದು ಆಮೇಲೆ.

1589ರಲ್ಲಿ ಮರಣದಂಡನೆ ವಿಧಿಸಿದರೂ ಎಲಿಜಬೆತ್ ರಾಣಿ ಅದನ್ನು ಜಾರಿಗೊಳಿಸಲಿಲ್ಲ. ಇಂದೋ ನಾಳೆಯೋ ಎಂದು ಆರು ವರ್ಷ ಕಳೆಯಿತು. ಸಾವು ಹತ್ತಿರವಾದಾಗ ಹೆಂಡತಿ ಮಗನನ್ನು ಒಮ್ಮೆ ನೋಡಲು ಬೇಡಿಕೊಂಡರು. ಒಂದೇ ಒಂದು ಸಲ ರಾಣಿಯ ಸಭೆಯ ಆರಾಧನೆಗೆ ಬಂದರೆ ಹೆಂಡತಿ, ಮಗ, ಗೌರವ ಎಲ್ಲವೂ ಮರಳಿ ಸಿಗುವುದೆಂದು ಉತ್ತರ ಬಂದಿತೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಫಿಲಿಪ್ ಒಪ್ಪಲಿಲ್ಲ. ಮಗುವಿನ ಮುಖ ಕಾಣದೆಯೇ 1595ರ ಅಕ್ಟೋಬರ್ 19ರಂದು, 38ನೆಯ ವಯಸ್ಸಿನಲ್ಲಿ, ಸೆರೆಯಲ್ಲೇ ಪ್ರಾಣಬಿಟ್ಟರು.

ಆ ಮಗ ಥಾಮಸ್ ದೊಡ್ಡವನಾಗಿ ಆಂಗ್ಲಿಕನ್ ಸಭೆಗೆ ಸೇರಿದನೆಂಬುದನ್ನೂ ಹೇಳಬೇಕು. ಆದರೆ ಅವನ ಇನ್ನೊಬ್ಬ ಮಗ ವಿಲಿಯಂ 1680ರಲ್ಲಿ ಸುಳ್ಳು ಸಾಕ್ಷ್ಯಕ್ಕೆ ಬಲಿಯಾಗಿ ರಕ್ತಸಾಕ್ಷಿಯಾದನು. ಒಬ್ಬ ಮೊಮ್ಮಗ 1675ರಲ್ಲಿ ಕಾರ್ಡಿನಲ್ ಆದರು. ಕಳೆದುಹೋದ ಡ್ಯೂಕ್ ಪದವಿ 1660ರಲ್ಲಿ ಫಿಲಿಪರ ಮರಿಮಗನಿಗೆ ಮರಳಿತು. ಅಲ್ಲಿಂದ ಈಚಿನ ಡ್ಯೂಕ್‌ಗಳೆಲ್ಲರೂ ಸೆರೆಯಲ್ಲಿ ಸತ್ತ ಆ ತಂದೆಯ ಸಂತತಿಯೇ. ನೇರ ಎಳೆ ಮತ್ತೆ ಮತ್ತೆ ತುಂಡಾಗಿದೆ. 1975ರಲ್ಲಿ 16ನೆಯ ಡ್ಯೂಕ್ ತೀರಿಕೊಂಡಾಗ ಮನೆಯಲ್ಲಿ ನಾಲ್ವರು ಹೆಣ್ಣುಮಕ್ಕಳಿದ್ದರು. ಪದವಿ ಮಾತ್ರ ದೂರದ ದಾಯಾದಿ ಮೈಲ್ಸ್ ಅವರ ಪಾಲಾಯಿತು.

ಫಿಲಿಪರನ್ನು ಮೊದಲು ಗೋಪುರದ ದೇವಾಲಯದಲ್ಲೇ ಹೂಳಿದ್ದರು. 1624ರಲ್ಲಿ ವಿಧವೆ ಆ್ಯನ್, ಮಗ ಥಾಮಸ್ ಇಬ್ಬರೂ ಅನುಮತಿ ಪಡೆದು ಅಸ್ಥಿಗಳನ್ನು ಹೊರತಂದರು. ಅವು ಅರಂಡೆಲ್ ಸೇರಿದವು. 1970ರಲ್ಲಿ ಜಗದ್ಗುರು ಆರನೆಯ ಪೌಲರು ಫಿಲಿಪರನ್ನು ಸಂತರೆಂದು ಘೋಷಿಸಿದ ಮರುವರ್ಷ ಅವನ್ನು ಅಲ್ಲಿನ ಪ್ರಧಾನಾಲಯದಲ್ಲಿ ಇರಿಸಲಾಯಿತು.