ಕಾವು, ಕಾವಲು: ಹಿತ್ತಲ ಕೋಳಿಯ ಮಾಗಿ ಚರಿತ್ರೆ

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಒಂದೇ ರಾತ್ರಿ ಹನ್ನೊಂದು ಕೋಳಿಮರಿಗಳು ಸತ್ತವು. ಸಾಯಿಸಿದ್ದು ಮುಂಗುಸಿಯಲ್ಲ, ಕಾಡುಬೆಕ್ಕಲ್ಲ, ನಾನು.

ಗುಂಡ್ಲುಪೇಟೆಯಿಂದ ತೆರಕಣಾಂಬಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಓದಿದ್ದು, ಈಗ ಪಾಠ ಹೇಳುತ್ತಿರುವುದು ಚಾಮರಾಜನಗರದಲ್ಲಿ. ರಜೆಗೆ ಊರಿಗೆ ಹೋದಾಗ ಅವ್ವನಿಗೆಂದು ಒಂದು ಪೆಟ್ಟಿಗೆ ಮರಿ ಕೊಂಡು ಹೋಗಿದ್ದೆ. ಅವತ್ತು ಸಂಜೆಯಿಂದಲೇ ಗಾಳಿ ಕೊರೆಯುತ್ತಿತ್ತು. ಗೋಪಾಲಸ್ವಾಮಿ ಬೆಟ್ಟದ ತಲೆ ಮಂಜಿನೊಳಗೆ ಮುಳುಗಿತ್ತು. ನಾನು ಗೂಡಿನ ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಒಂದು ಸಂದೂ ಬಿಡದಂತೆ ಹಗ್ಗ ಬಿಗಿದೆ. ಬೆಳಿಗ್ಗೆ ಬಿಚ್ಚಿ ನೋಡಿದರೆ ಹಾಳೆಯ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮರಿಗಳು ಒಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಒದ್ದೆಯಾಗಿ ಸೆಟೆದುಕೊಂಡಿದ್ದವು. ಮೂಗಿಗೆ ಹಿಕ್ಕೆಯ ಘಾಟು ಹೊಡೆಯಿತು. ಅವ್ವ ಬೈಯಲಿಲ್ಲ. "ಉಸ್ರಾಡಕ್ಕೂ ಜಾಗ ಬುಡ್ಲಿಲ್ವಲ್ಲ ಕೂಸು" ಎಂದಳು, ಅಷ್ಟೇ.

ಚರಿತ್ರೆ ಪಾಠ ಮಾಡುವವಳು ನಾನು. ನಮ್ಮ ಅಜ್ಜಿ ಓದು ಬರಹ ಬಾರದೆ, ಹಾಳೆಯಿಲ್ಲದೆ, ಬಲ್ಬಿಲ್ಲದೆ ಅರವತ್ತು ಮಾಗಿಗಳಲ್ಲಿ ಕೋಳಿ ಉಳಿಸಿದ್ದು ಹೇಗೆ ಎಂಬ ಪ್ರಶ್ನೆ ಅವತ್ತಿನಿಂದ ಬೆನ್ನು ಹತ್ತಿತು. ಉತ್ತರವನ್ನು ಶಾಸನಗಳಲ್ಲಿ ಹುಡುಕಿ ಫಲವಿಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದು ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ಹಿತ್ತಲ ಹೇಟೆಗೆ ಕಲ್ಲು ನೆಡುವವರು ಯಾರು? ಅದರ ಚರಿತ್ರೆ ಕಾಡಿನಲ್ಲಿದೆ, ಕಾವ್ಯದಲ್ಲಿದೆ, ಹೆಚ್ಚಿನ ಪಾಲು ನಮ್ಮ ಹಳೆಯ ಮನೆಗಳ ನೆಲದಲ್ಲಿದೆ.

ಮೊದಲು ಕಾಡು. ಬಂಡೀಪುರದ ಅಂಚಿನಲ್ಲಿ ಬೆಳಗಿನ ಜಾವ ನಡೆದವರಿಗೆ ಕಾಡುಕೋಳಿಯ ತುಂಡು ತುಂಡಾದ ಕೂಗು ಗೊತ್ತಿರುತ್ತದೆ. ನಮ್ಮದು ಬೂದು ಕಾಡುಕೋಳಿ. ವಿಜ್ಞಾನದ ಹೆಸರಿನಲ್ಲಿ ಅದು ಫ್ರೆಂಚ್ ಪ್ರಕೃತಿ ತಜ್ಞ ಸೊನೆರಾನನ್ನು ಹೊತ್ತುಕೊಂಡಿದೆ. ಅದರ ಹುಂಜದ ಕತ್ತಿನ ಗರಿಗಳಲ್ಲಿ ಮೇಣದ ಹನಿಯಂತೆ ಹೊಳೆಯುವ ಚುಕ್ಕೆಗಳಿವೆ. ಆ ಗರಿ ಒಂದು ಕಾಲದಲ್ಲಿ ಇಂಗ್ಲೆಂಡಿನ ಮೀನು ಗಾಳಗಳಿಗೆ ಹುಳುವಿನ ವೇಷ ಕಟ್ಟಲು ಹಡಗು ಹತ್ತುತ್ತಿತ್ತು. ಲೋಕದ ಸಾಕುಕೋಳಿಗಳ ಮೂಲ ತಾಯಿ ಇದಲ್ಲ, ಆಗ್ನೇಯ ಏಷ್ಯಾ ಕಡೆಯ ಕೆಂಪು ಕಾಡುಕೋಳಿ. ಆದರೆ 2008ರಲ್ಲಿ ಪ್ರಕಟವಾದ ತಳಿವಿಜ್ಞಾನದ ಒಂದು ಅಧ್ಯಯನ ಬೇರೊಂದು ಸಂಗತಿ ತೋರಿಸಿತು. ಸಾಕುಕೋಳಿಗೆ ಹಳದಿ ಚರ್ಮ, ಹಳದಿ ಕಾಲು ಕೊಟ್ಟ ಜೀನ್ ಬಂದದ್ದು ಬಹುಮಟ್ಟಿಗೆ ನಮ್ಮ ಬೂದು ಕಾಡುಕೋಳಿಯಿಂದ. ಮೇವಿನಲ್ಲಿರುವ ಹಳದಿ ಬಣ್ಣವನ್ನು ಚರ್ಮದಲ್ಲಿ ಒಡೆದುಹಾಕುವ ಕೆಲಸವನ್ನು ಈ ಜೀನ್ ತಗ್ಗಿಸುತ್ತದೆ, ಹಾಗಾಗಿ ಬಣ್ಣ ಅಲ್ಲೇ ಉಳಿಯುತ್ತದೆ. ಊಟಿ ರಸ್ತೆಯ ಎರಡೂ ಕಡೆ ನಮ್ಮ ರೈತರು ಬೆಳೆಯುವ ಚೆಂಡುಹೂವಿನ ಸಾರವೂ ಇವತ್ತು ಕೋಳಿಯ ಮೇವಿಗೆ ಹೋಗುತ್ತದೆ, ಮೊಟ್ಟೆಯ ಭಂಡಾರಕ್ಕೆ ಬಣ್ಣ ಏರಲಿ ಎಂದು. ಹೂವೂ ಇಲ್ಲಿಯದು, ಆ ಬಣ್ಣ ಹಿಡಿದಿಡುವ ಗುಣವೂ ಈ ದಿಕ್ಕಿನ ಕಾಡಿನದು.

ಕಾಡುಕೋಳಿಗೆ ಗೂಡಿಲ್ಲ. ಕತ್ತಲಾದರೆ ಕೊಂಬೆ ಹತ್ತಿ, ಗರಿ ಉಬ್ಬಿಸಿ, ಕಾಲನ್ನು ಹೊಟ್ಟೆಯಡಿ ಮುಚ್ಚಿ ಕೂರುತ್ತದೆ. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ. ಉಬ್ಬಿಸಿದ ಗರಿಗಳ ನಡುವೆ ನಿಂತ ಗಾಳಿಯೇ ಅದರ ಕಂಬಳಿ. ಸುಮಾರು 800 ಮೀಟರ್ ಎತ್ತರದ ಗುಂಡ್ಲುಪೇಟೆಯಲ್ಲಿ ಮಾಗಿಯ ಬೆಳಗಿನ ಜಾವ 15-16 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಬೆಳೆದ ಕೋಳಿಗೆ ಅದು ಲೆಕ್ಕಕ್ಕಿಲ್ಲ. ಅದನ್ನು ಕೆಡಿಸುವುದು ತೇವ ಮತ್ತು ನೇರವಾಗಿ ಬಡಿಯುವ ಗಾಳಿ. ಗರಿ ನೆನೆದರೆ ಕಂಬಳಿ ಹೋಯಿತು. ನಮ್ಮ ಸೀಮೆಗೆ ಹಿಂಗಾರು ಮಳೆ ಅಕ್ಟೋಬರ್, ನವೆಂಬರಿನಲ್ಲಿ ಬಂದು ಹೋಗುವುದರಿಂದ ಚಳಿ ಕಾಲಿಡುವುದೇ ಒದ್ದೆ ನೆಲದ ಮೇಲೆ. ನಾನು ಹಾಳೆ ಸುತ್ತಿ ಮರಿಗಳ ಉಸಿರಿನ ಹಬೆಯನ್ನೇ ಮಳೆ ಮಾಡಿ ಅವುಗಳ ಮೇಲೆ ಸುರಿಸಿದ್ದೆ.

ಇನ್ನು ಕಾವ್ಯ. ಕನ್ನಡ ಓದಿದವರಿಗೆ ಕೋಳಿ ಎಂದೊಡನೆ ಜನ್ನ ನೆನಪಾಗುತ್ತಾನೆ. 1209ರ 'ಯಶೋಧರ ಚರಿತೆ'ಯಲ್ಲಿ ರಾಜ ತಾಯಿಯ ಮಾತಿಗೆ ಕಟ್ಟುಬಿದ್ದು ಜೀವದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ, ಅದು ಕೂಗಿಬಿಡುತ್ತದೆ. ಸಂಕಲ್ಪದ ಹಿಂಸೆಯೂ ಹಿಂಸೆಯೇ ಎಂಬ ಆ ಕೂಗು ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ'ದವರೆಗೂ ಕೇಳಿಸಿತು. ಆದರೆ ಕತೆಯ ಕೊನೆಯ ತಿರುವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತಾಯಿ ಮಗ ಹಲವು ಜನ್ಮ ದಾಟಿ ಕೊನೆಗೆ ಕೋಳಿಗಳಾಗಿಯೇ ಹುಟ್ಟುತ್ತಾರೆ, ಚಂಡಕರ್ಮನೆಂಬ ತಳಾರನ ಪಂಜರದಲ್ಲಿ ಬೆಳೆಯುತ್ತಾರೆ. ಮುನಿಯ ಮಾತು ಕೇಳಿ ಹಿಗ್ಗಿ ಕೂಗಿದಾಗ, ದನಿಗೆ ಗುರಿಯಿಟ್ಟು ರಾಜ ಬಿಟ್ಟ ಬಾಣಕ್ಕೆ ಸಾಯುತ್ತಾರೆ. ಕಾಪಾಡಲೆಂದು ಇರುವ ಪಂಜರದೊಳಗೇ ಸಾವು ಬಂತು. ಆ ಡಿಸೆಂಬರಿನ ನಂತರ ಈ ಭಾಗ ಪಾಠ ಮಾಡುವುದು ನನಗೆ ಸುಲಭವಾಗಿಲ್ಲ.

ಆ ಜೈನ ನೆನಪು ನಮ್ಮ ಜಿಲ್ಲೆಗೆ ದೂರದ್ದಲ್ಲ. ಚಾಮರಾಜನಗರಕ್ಕೆ ಅರಿಕುಠಾರ ಎಂಬ ಹೆಸರಿದ್ದಾಗ, 1117ರಲ್ಲಿ, ವಿಷ್ಣುವರ್ಧನನ ದಂಡನಾಯಕ ಪುಣಿಸ ಅಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. 'ರಾಜಾವಳಿ ಕಥೆ' ಬರೆದ ದೇವಚಂದ್ರ ಮಲೆಯೂರಿನ ಕನಕಗಿರಿಯವನು. ಅದೇ ನೆಲದಲ್ಲಿ ನೀಲಗಾರರು ಮಂಟೇಸ್ವಾಮಿಯನ್ನೂ ಕಂಸಾಳೆಯವರು ಮಾದಪ್ಪನನ್ನೂ ಹಾಡಿದರು. ಕೋಳಿ ಯಾರ ಅಂಗಳದಲ್ಲಿ ಕೆದಕಬಹುದು, ಯಾರ ಅಂಗಳದಲ್ಲಿ ಕೆದಕಬಾರದು ಎಂಬುದು ಊರಿನಲ್ಲಿ ಬರೆಯದೆ ಇದ್ದ ಗಡಿ. ನಾನು ಚಿಕ್ಕವಳಾಗಿದ್ದಾಗ ನಮ್ಮ ಹೇಟೆ ದಾರಿ ತಪ್ಪಿ ಮೇಲಿನ ಬೀದಿಗೆ ಹೋದರೆ ಅಜ್ಜಿ ಹೆದರಿಕೊಂಡು ಓಡುತ್ತಿದ್ದಳು. ಕೋಳಿ ಕಳೆದೀತೆಂದಲ್ಲ, ಮಾತು ಕೇಳಬೇಕಾದೀತೆಂದು.

ಅಜ್ಜಿಯ ಮನೆ ಮಣ್ಣಿನ ಗೋಡೆಯ ನಾಡಹೆಂಚಿನ ಮನೆ. ಜಗಲಿಯ ಕೆಳಗೆ ಮೊಳದಗಲದ ಒಂದು ಗೂಡಿತ್ತು, ಬಾಯಿಗೆ ಚಪ್ಪಡಿ ಕಲ್ಲು. ಬೆಳೆದ ಕೋಳಿಗಳಿಗೆ ಅದು. ಕಲ್ಲು ಪೂರ್ತಿ ಮುಚ್ಚುತ್ತಿರಲಿಲ್ಲ, ಮೇಲೆ ಎರಡು ಬೆರಳಷ್ಟು ಸಂದು ಇರುತ್ತಿತ್ತು. ಮರಿಯಿದ್ದ ತಾಯಿಗೆ ಮಾತ್ರ ಒಳಗೆ ಜಾಗ, ಒಲೆಯ ಪಕ್ಕದಲ್ಲಿ ರಾಗಿ ಹುಲ್ಲು ಹಾಸಿ, ಬಿದಿರ ಮಂಕರಿ ಕವುಚಿ. ಮಂಕರಿಯ ಹೆಣಿಗೆಯ ತುಂಬ ಕಿಂಡಿ. "ಒಲ ಬೂದಿ ತಣ್ಣಗಾಗದಕ್ ಮುಂಚ ಕೋಳಿ ಮುಚ್ಚು ಕೂಸು" ಎಂದು ಅಜ್ಜಿ ದಿನವೂ ಹೇಳುತ್ತಿದ್ದಳು. ಬೂದಿಯ ಬಿಸಿ ಬೆಳಗಿನ ಜಾವದವರೆಗೆ ನೆಲದಲ್ಲಿ ನಿಲ್ಲುತ್ತಿತ್ತು. ಹಗಲಲ್ಲಿ ಅದೇ ಬೂದಿಯನ್ನು ಹಿತ್ತಲಿಗೆ ಚೆಲ್ಲಿದರೆ ಕೋಳಿಗಳು ಹೊರಳಾಡಿ ಹೇನು ಕಳೆದುಕೊಳ್ಳುತ್ತಿದ್ದವು. ಸಂತೆಗೆ ಹೋಗುವ ಮೊಟ್ಟೆಯ ದುಡ್ಡು ಅಜ್ಜಿಯದು, ತಾತ ಅದನ್ನು ಕೇಳುವಂತಿರಲಿಲ್ಲ. ನಾನು ಪಿಯುಸಿ ಪರೀಕ್ಷೆಗೆ ಕಟ್ಟಿದ ಫೀಸು ಎರಡು ಹುಂಜದ ಬೆಲೆ.

ಆ ವ್ಯವಸ್ಥೆಗೂ ಮೀರಿದ್ದು ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಜಾವಾದಲ್ಲೂ ಕಾಣಿಸಿಕೊಂಡ ಕೋಳಿಯ ಜಾಡ್ಯ 1927ರಲ್ಲಿ ಕುಮಾವು ಬೆಟ್ಟಗಳ ರಾಣಿಖೇತ್‌ನಲ್ಲಿ ಪತ್ತೆಯಾಯಿತು. ಆ ಊರಿನ ಹೆಸರೇ ಅದಕ್ಕೆ ಅಂಟಿತು, ನಮ್ಮಲ್ಲಿ ಕೊಕ್ಕರೆ ರೋಗ ಎನ್ನುತ್ತಾರೆ. 1940ರ ದಶಕದಲ್ಲಿ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆ ಲಸಿಕೆ ಸಿದ್ಧವಾಯಿತು. ಹಳ್ಳಿಯ ಹಿತ್ತಲಿಗೆ ಅದು ತಲುಪಲು ಬಹಳ ಕಾಲ ಹಿಡಿಯಿತು. ಬಿದಿರ ಮಂಕರಿ ಚಳಿ ತಡೆದೀತು, ವೈರಸ್ಸನ್ನು ತಡೆಯದು. ಒಂದೇ ವಾರದಲ್ಲಿ ಬೀದಿಯ ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಬಿದ್ದದ್ದನ್ನು ಅಜ್ಜಿ ಬರಗಾಲದ ಕತೆ ಹೇಳಿದಂತೆ ಹೇಳುತ್ತಿದ್ದಳು. ಹಳೆಯದೆಲ್ಲ ಚೆನ್ನಾಗಿತ್ತು ಎನ್ನಲು ನನಗೆ ಬಾಯಿ ಬಾರದಿರುವುದು ಈ ಕಾರಣಕ್ಕೆ.

ಮುಂದಿನ ತಿರುವು ಬೆಂಗಳೂರಿನಿಂದ ಬಂತು. 1980ರ ದಶಕದ ಕೊನೆಗೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಲಲ್ಲಿ ಸಾಕಲೆಂದೇ ಗಿರಿರಾಜ ತಳಿ ರೂಪಿಸಿದರು, ಆಮೇಲೆ ಸ್ವರ್ಣಧಾರ ಬಂತು. ನಾಟಿ ಕೋಳಿಗಿಂತ ಬೇಗ ತೂಗುತ್ತವೆ, ಎಷ್ಟೋ ಪಾಲು ಹೆಚ್ಚು ಮೊಟ್ಟೆಯಿಡುತ್ತವೆ. ಹಿತ್ತಲ ಕೋಳಿ ಮುಗಿದ ಕತೆಯೂ ಅಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ 85 ಕೋಟಿ ಕೋಳಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು. ಹಿಂದಿನ ಗಣತಿಗಿಂತ ಅವು ಶೇಕಡ 45ಕ್ಕೂ ಮಿಕ್ಕಿ ಹೆಚ್ಚಿದ್ದವು.

ಆದರೆ ಹೆಚ್ಚು ಮೊಟ್ಟೆಯ ತಳಿಗಳು ಕಾವು ಕೂರುವುದನ್ನು ಹೆಚ್ಚುಕಡಿಮೆ ಬಿಟ್ಟಿವೆ. ಕಾವಿಗೆ ಕೂತ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುವುದರಿಂದ, ಮೊಟ್ಟೆ ಹೆಚ್ಚಬೇಕಾದರೆ ಕಾವು ಹೋಗಬೇಕು. ಆಗ 21 ದಿನದ ಕಾವನ್ನು ಯಂತ್ರ ಕೊಡುತ್ತದೆ, ಮರಿ ಪೆಟ್ಟಿಗೆಯಲ್ಲಿ ತಾಯಿಯಿಲ್ಲದೆ ಬರುತ್ತದೆ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಅಷ್ಟು ಬಿಸಿಯನ್ನು ಹೇಟೆ ತನ್ನ ರೆಕ್ಕೆಯಡಿ ಯಾವ ಲೆಕ್ಕವಿಲ್ಲದೆ ಕೊಡುತ್ತಿತ್ತು, ಉಸಿರಾಡಲು ಗರಿಯ ಸಂದಿಯನ್ನೂ ಬಿಡುತ್ತಿತ್ತು.

ನನ್ನ ತಪ್ಪು ಪೂರ್ತಿ ಅರ್ಥವಾದದ್ದು ಇಲ್ಲಿ. ನಾನು ಗೋಡೆ ಕಟ್ಟಿದೆ, ಕಾವು ಕೊಡಲಿಲ್ಲ. ಅಜ್ಜಿಯ ಮನೆಯಲ್ಲಿ ಕಾವು ಕೊಡುವವರು ಇಬ್ಬರಿದ್ದರು, ಹೇಟೆ ಮತ್ತು ಒಲೆ. ನನ್ನ ಮರಿಗಳಿಗೆ ಇಬ್ಬರೂ ಇರಲಿಲ್ಲ. ಹಳೆ ಮನೆ ಕೆಡವಿ ಆರ್‌ಸಿಸಿ ಕಟ್ಟಿದಾಗ ಜಗಲಿಯ ಗೂಡು ಹೋಯಿತು. ಸೌದೆ ಒಲೆ ಹೋಗಿ ಗ್ಯಾಸ್ ಬಂದಾಗ ಬೂದಿ ಹೋಯಿತು. ಅವ್ವನ ಕಣ್ಣಿನ ಉರಿ ನಿಂತಿತು, ಅದು ದೊಡ್ಡ ಲಾಭವೇ. ಟೈಲ್ಸ್ ನೆಲದ ಮೇಲೆ ಕೋಳಿಗೆ ಜಾಗವಿಲ್ಲ, ಹಾಗಾಗಿ ಅದು ಮನೆಯಿಂದ ಹೊರಗೆ ಬಿತ್ತು.

ಕನ್ನಡದಲ್ಲಿ 'ಕಾಯು' ಎಂದರೆ ಬಿಸಿಯಾಗುವುದೂ ಹೌದು, ರಕ್ಷಿಸುವುದೂ ಹೌದು. ಒಂದರಿಂದ ಕಾವು, ಇನ್ನೊಂದರಿಂದ ಕಾವಲು. ಪಂಡಿತರು ಇವೆರಡನ್ನೂ ಬೇರೆ ಬೇರೆ ಧಾತು ಎನ್ನಬಹುದು. ಅಜ್ಜಿಯ ಹಿತ್ತಲಲ್ಲಿ ಅವು ಒಂದೇ ಕೆಲಸವಾಗಿದ್ದವು.

ಕಳೆದ ಮಾಗಿಗೆ ಅವ್ವ, ನಾನು ಸೇರಿ ಹೊಸ ಗೂಡು ಕಟ್ಟಿದೆವು. ನೆಲದಿಂದ ಎರಡು ಅಡಿ ಮೇಲೆ, ಬೆಳಗಿನ ಬಿಸಿಲು ಬೀಳುವಂತೆ ಮೂಡಲಿಗೆ ಬಾಗಿಲು. ಕೂರಲು ಒಂದು ದಪ್ಪ ಕೋಲು. ಗಾಳಿ ಬಡಿಯುವ ಕಡೆ ಮಾತ್ರ ಗೋಣಿಚೀಲ, ಅದೂ ಕತ್ತಲಾದ ಮೇಲೆ. ಸೂರಿನ ಕೆಳಗೆ ಒಂದು ಗೇಣು ಬಿಟ್ಟು, ಕಾಡುಬೆಕ್ಕು ನುಸುಳದಂತೆ ಸಣ್ಣ ಕಣ್ಣಿನ ತಂತಿಬಲೆ ಹೊಡೆದೆವು. ಹಾಸಿಗೆಗೆ ಒಣಗಿದ ಭತ್ತದ ಹೊಟ್ಟು. ಒದ್ದೆಯಾದಷ್ಟನ್ನು ಅವತ್ತೇ ತೆಗೆಯುವುದು, ಇಲ್ಲದಿದ್ದರೆ ಘಾಟೆದ್ದು ಕೋಳಿಯ ಗಂಟಲು ಕೆಡುತ್ತದೆ. ಮುಚ್ಚುವ ಮುನ್ನ ಒಂದು ಹಿಡಿ ಜೋಳ, ಹೊಟ್ಟೆ ಅರೆಯುತ್ತಿದ್ದರೆ ಮೈ ಬೆಚ್ಚಗಿರುತ್ತದೆ. ಪಶು ಆಸ್ಪತ್ರೆಯಿಂದ ಹೊತ್ತಿಗೆ ಸರಿಯಾಗಿ ಲಸಿಕೆ.

ಮರಿಗಳ ವಿಷಯಕ್ಕೆ ಅವ್ವ ನನ್ನನ್ನು ನಂಬಲಿಲ್ಲ. ಪಕ್ಕದ ಮನೆಯಿಂದ ಕಾವಿಗೆ ಕೂತಿದ್ದ ಒಂದು ನಾಟಿ ಹೇಟೆ ಕೇಳಿ ತಂದಳು. ಕತ್ತಲಲ್ಲಿ ಅದರ ಅಡಿಯಲ್ಲಿದ್ದ ಮೊಟ್ಟೆಗಳನ್ನು ಸರಿಸಿ, ಪೆಟ್ಟಿಗೆಯ ಒಂಬತ್ತು ಗಿರಿರಾಜ ಮರಿಗಳನ್ನು ಒಂದೊಂದಾಗಿ ತೂರಿಸಿದಳು. ಹೇಟೆ ಒಂದೆರಡು ಸಲ ಗುರುಗುಟ್ಟಿ, ರೆಕ್ಕೆ ಸಡಿಲಿಸಿ ಕೂತಿತು. ಅವ್ವ ಅಟ್ಟದಿಂದ ಅಜ್ಜಿಯ ಮಂಕರಿ ಇಳಿಸಿ ಕವುಚಿದಳು.

ಬೆಳಿಗ್ಗೆ ಎತ್ತಿ ಎಣಿಸಿದೆವು. ಒಂಬತ್ತೂ ಇದ್ದವು.